ನಮ್ಮ ಗಿರಣಿ ಬಟ್ಟೆಗೂ ಸುಂಕ ಯಾಕೆ ಬಿತ್ತು? ಆ ದುಡ್ಡು ಯಾರ ಕೈ ಸೇರಿತು?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ ಹಳೆಯ ಬಟ್ಟೆ ವ್ಯಾಪಾರದ ಮನೆತನ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಗಿರಣಿ ಬಟ್ಟೆಗೂ ಸುಂಕ ಇತ್ತು ಅಂತ ಮನೆಯ ಹಿರಿಯರು ಹೇಳುತ್ತಿದ್ದರು. ಸುಂಕ ಹಾಕೋದು ಹೊರದೇಶದ ಸರಕಿಗೆ ಅಲ್ವಾ? ನಮ್ಮ ಬಟ್ಟೆಗೆ ಯಾಕೆ ಹಾಕಿದರು? ಬಂದರಿನಲ್ಲಿ ವಸೂಲಾದ ಸುಂಕದಲ್ಲಿ ಮುಂಬೈ ಪ್ರಾಂತ್ಯಕ್ಕೆ ಪಾಲು ಸಿಗುತ್ತಿತ್ತಾ? ಸಿಗದಿದ್ದರೆ ಧಾರವಾಡ ಜಿಲ್ಲೆಯ ಶಾಲೆ, ರಸ್ತೆಗಳಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು?

ಉತ್ತರ: ನಿಮ್ಮ ಹಿರಿಯರು ಹೇಳಿದ್ದು ನಿಜ. 1896ರಿಂದ 1925ರ ಕೊನೆಯವರೆಗೆ ಭಾರತದ ಗಿರಣಿಗಳಲ್ಲಿ ನೇಯ್ದ ಹತ್ತಿ ಬಟ್ಟೆಯ ಮೇಲೆ ಶೇ 3.5ರಷ್ಟು ಎಕ್ಸೈಸ್ ಸುಂಕ, ಅಂದರೆ ದೇಶದೊಳಗೇ ತಯಾರಾದ ಸರಕಿನ ಮೇಲಿನ ತೆರಿಗೆ, ಇತ್ತು. ಬ್ರಿಟನ್ನಿನ ಹತ್ತಿ ಗಿರಣಿಗಳ ನಾಡಾದ ಲ್ಯಾಂಕಶೈರಿನ ಬಟ್ಟೆಗೆ ಬಂದರಿನಲ್ಲಿ ಎಷ್ಟು ಸುಂಕ ಬೀಳುತ್ತಿತ್ತೋ ಅಷ್ಟನ್ನೇ ನಮ್ಮ ಬಟ್ಟೆಗೂ ಹಾಕಿದರು. ನಮ್ಮ ಗಿರಣಿಗೆ ಒಂದು ಪೈಸೆಯಷ್ಟು ಅನುಕೂಲವೂ ಸಿಗಬಾರದು ಅನ್ನೋದೇ ಉದ್ದೇಶ. ಇನ್ನು ಬಂದರಿನ ಸುಂಕದಲ್ಲಿ ಮುಂಬೈ ಪ್ರಾಂತ್ಯಕ್ಕೆ ಪಾಲು ಇರಲಿಲ್ಲ. ಅದು ಭಾರತ ಸರ್ಕಾರದ ಖಜಾನೆಗೆ ಹೋಗುತ್ತಿತ್ತು. ಗಿರಣಿ ಬಟ್ಟೆಯ ಎಕ್ಸೈಸ್ ಕೂಡ ಅಲ್ಲಿಗೇ.

ಪಠ್ಯಪುಸ್ತಕಗಳಲ್ಲಿ ಇವೆರಡೂ ಬೇರೆ ಬೇರೆ ಪಾಠದಲ್ಲಿ ಬರುತ್ತವೆ. ಆಮದು ಸುಂಕ ಒಂದು ಕಡೆ, ಪ್ರಾಂತ್ಯಗಳ ಹಣಕಾಸು ಇನ್ನೊಂದು ಕಡೆ. ನಾನು ಅವನ್ನು ಒಟ್ಟಿಗೇ ಓದಬೇಕು ಅನ್ನುವವನು. ಬಂದರಿನಲ್ಲಿ ಬಿಟ್ಟುಕೊಟ್ಟ ದುಡ್ಡನ್ನು ಸರ್ಕಾರ ಇನ್ನೆಲ್ಲಾದರೂ ವಸೂಲಿ ಮಾಡಲೇಬೇಕಿತ್ತು. ಅದು ಉಪ್ಪಿನಲ್ಲಿ, ಹೊಲದ ಮೇಲೆ, ಸೇಂದಿ ಅಂಗಡಿಯಲ್ಲಿ ವಸೂಲಾಯಿತು. ಆ ದಾರಿಯಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ.

1857ರ ದಂಗೆ ಅಡಗಿಸಲು ಸರ್ಕಾರ ಭಾರಿ ಸಾಲ ಮಾಡಿತ್ತು. ಅದನ್ನು ತೀರಿಸಲು 1859-60ರಲ್ಲಿ ಹೆಚ್ಚಿನ ಆಮದು ಸರಕಿಗೆ ಶೇ 10 ಸುಂಕ ಹಾಕಿದರು. ಆಗ ಯಾರಿಗೂ ನಮ್ಮ ಉದ್ಯಮವನ್ನು ಕಾಪಾಡುವ ಯೋಚನೆ ಇರಲಿಲ್ಲ. ಬೇಕಿದ್ದದ್ದು ದುಡ್ಡು ಮಾತ್ರ. ಆದರೆ ಮುಂಬೈಯಲ್ಲಿ 1850ರ ದಶಕದಲ್ಲೇ ಹತ್ತಿ ಗಿರಣಿ ಶುರುವಾಗಿತ್ತು. ಸುಂಕದಿಂದ ಅವಕ್ಕೆ ತಾನಾಗಿಯೇ ಸ್ವಲ್ಪ ರಕ್ಷಣೆ ಸಿಕ್ಕಿತು. ಲ್ಯಾಂಕಶೈರಿನ ಬಟ್ಟೆ ನಗರ ಮ್ಯಾಂಚೆಸ್ಟರಿನವರು ಸುಮ್ಮನೆ ಕೂರಲಿಲ್ಲ. 1862ರಲ್ಲಿ ಬಟ್ಟೆಯ ಸುಂಕ ಶೇ 5ಕ್ಕೆ, ನೂಲಿನದು ಶೇ 3.5ಕ್ಕೆ ಇಳಿಯಿತು.

ಅಷ್ಟಕ್ಕೂ ಅವರಿಗೆ ಸಮಾಧಾನ ಆಗಲಿಲ್ಲ. 1874ರಲ್ಲಿ ಮ್ಯಾಂಚೆಸ್ಟರಿನ ವಾಣಿಜ್ಯ ಮಂಡಳಿ ಸರ್ಕಾರಕ್ಕೆ ಮನವಿ ಕೊಟ್ಟಿತು. ಅದರಲ್ಲಿದ್ದ ಒಂದು ತಕರಾರು ಗಮನಿಸುವಂಥದ್ದು. ಆಗ ಸುಂಕವನ್ನು ವ್ಯಾಪಾರಿಯ ಬಿಲ್ ನೋಡಿ ಲೆಕ್ಕ ಹಾಕುತ್ತಿರಲಿಲ್ಲ. ಯಾವ ಬಗೆಯ ಬಟ್ಟೆಗೆ ಎಷ್ಟು ಬೆಲೆ ಅಂತ ಸರ್ಕಾರವೇ ಒಂದು ಪಟ್ಟಿ ಮಾಡಿತ್ತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಆಕಾಶಕ್ಕೇರಿತ್ತು. ಆಮೇಲೆ ಬೆಲೆ ಬಿತ್ತು, ಆದರೆ ಪಟ್ಟಿ ಮಾತ್ರ ಹಳೆಯದೇ ಉಳಿಯಿತು. ಹಾಗಾಗಿ ಹೆಸರಿಗೆ ಶೇ 5 ಇದ್ದರೂ ನಾವು ಕೊಡುತ್ತಿರೋದು ಅದಕ್ಕಿಂತ ಜಾಸ್ತಿ ಅಂತ ಅವರ ದೂರು. ಈ ಮಾತಿನಲ್ಲಿ ನ್ಯಾಯ ಇತ್ತು. ಪಟ್ಟಿ ತಿದ್ದಿದ್ದರೆ ಸಾಕಿತ್ತು. ಆದರೆ ಅವರು ಕೇಳಿದ್ದು ಸುಂಕವನ್ನೇ ತೆಗೆಯಿರಿ ಅಂತ.

ವೈಸ್‌ರಾಯ್ ನಾರ್ತ್‌ಬ್ರೂಕ್ ಒಪ್ಪಲಿಲ್ಲ. 1875ರ ಸುಂಕ ಕಾಯ್ದೆಯಲ್ಲಿ ಬೇರೆ ಸರಕಿನ ಸಾಮಾನ್ಯ ದರವನ್ನು ಶೇ 7.5ರಿಂದ ಶೇ 5ಕ್ಕೆ ಇಳಿಸಿದರೂ ಹತ್ತಿ ಬಟ್ಟೆಯ ಶೇ 5 ಹಾಗೇ ಉಳಿಸಿಕೊಂಡರು. ಲಂಡನ್ನಿನಲ್ಲಿದ್ದ ಭಾರತ ಮಂತ್ರಿ (ಬ್ರಿಟಿಷ್ ಸಂಪುಟದಲ್ಲಿ ಭಾರತದ ಹೊಣೆ ಹೊತ್ತವರು) ಸಾಲ್ಸ್‌ಬರಿ ಜತೆ ಅವರಿಗೆ ಜಟಾಪಟಿಯೇ ನಡೆಯಿತು. 1876ರಲ್ಲಿ ನಾರ್ತ್‌ಬ್ರೂಕ್ ಹೋಗಿ ಲಿಟ್ಟನ್ ಬಂದರು. ಮರುವರ್ಷ, 1877ರ ಜುಲೈ ತಿಂಗಳಲ್ಲಿ, ಬ್ರಿಟಿಷ್ ಸಂಸತ್ತಿನ ಕೆಳಮನೆ ಒಂದು ನಿರ್ಣಯ ಮಾಡಿತು. ಭಾರತದ ಹಣಕಾಸು ಸ್ಥಿತಿ ಅನುಕೂಲವಾದ ತಕ್ಷಣ ಹತ್ತಿ ಬಟ್ಟೆಯ ಸುಂಕವನ್ನು ರದ್ದು ಮಾಡಬೇಕು ಅನ್ನೋದು ಅದರ ಸಾರಾಂಶ.

1877 ಅಂದರೆ ಯಾವ ವರ್ಷ ಗೊತ್ತಲ್ವಾ? ಧಾತು-ಈಶ್ವರ ಸಂವತ್ಸರದ ಬರ. ಬಳ್ಳಾರಿ, ಧಾರವಾಡ, ಕಲಾದಗಿ, ಮೈಸೂರು ಸಂಸ್ಥಾನ, ಎಲ್ಲ ಕಡೆ ಜನ ಹುಳುಗಳಂತೆ ಸತ್ತರು. ಅದೇ ವರ್ಷದ ಕೊನೆಗೆ ಮದ್ರಾಸ್ ಮತ್ತು ಮುಂಬೈ ಪ್ರಾಂತ್ಯಗಳಲ್ಲಿ ಉಪ್ಪಿನ ಸುಂಕವನ್ನು ಮಣಕ್ಕೆ 1 ರೂಪಾಯಿ 13 ಆಣೆಯಿಂದ 2 ರೂಪಾಯಿ 8 ಆಣೆಗೆ ಏರಿಸಿದರು (ಆಗ ರೂಪಾಯಿಗೆ 16 ಆಣೆ). ಮಣ ಅಂದರೆ ಸುಮಾರು 37 ಕಿಲೋ. ಅಂದರೆ ಒಂದು ಕಿಲೋ ಉಪ್ಪಿಗೆ ಸುಂಕವೇ ಒಂದಾಣೆಗಿಂತ ಸ್ವಲ್ಪ ಜಾಸ್ತಿ. ದೇಶದ ತುಂಬ ಒಂದೇ ದರ ತರುವುದು ಸರ್ಕಾರದ ಉದ್ದೇಶವಾಗಿತ್ತು, ಬಂಗಾಳದಲ್ಲಿ ದರ ಸ್ವಲ್ಪ ಇಳಿಯಿತು, ಇದೆಲ್ಲ ನಿಜ. ಆದರೂ ಬರದಲ್ಲಿ ಬದುಕುಳಿದ ಕನ್ನಡ ಜಿಲ್ಲೆಗಳ ಜನರಿಗೆ ಸಿಕ್ಕಿದ್ದು ತುಟ್ಟಿ ಉಪ್ಪು. ಎರಡೇ ವರ್ಷಕ್ಕೆ, 1879ರಲ್ಲಿ, ಲಿಟ್ಟನ್ ಒರಟು ನೂಲಿನ ವಿದೇಶಿ ಬಟ್ಟೆಗೆ ಸುಂಕ ಮಾಫಿ ಮಾಡಿದರು. ತಮ್ಮದೇ ಕಾರ್ಯಕಾರಿ ಕೌನ್ಸಿಲಿನ ಬಹುಮತ ಬೇಡ ಅಂದಿತ್ತು. ವಿಶೇಷಾಧಿಕಾರ ಬಳಸಿ ಅದನ್ನು ಬದಿಗೆ ತಳ್ಳಿದರು. ಉಪ್ಪು ಏರಿದ್ದು, ಬಟ್ಟೆ ಸುಂಕ ಇಳಿದದ್ದು, ಇವೆರಡು ಆದೇಶಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

1882ರಲ್ಲಿ ರಿಪನ್ ವೈಸ್‌ರಾಯ್. ಹಣಕಾಸು ಸದಸ್ಯ ಎವೆಲಿನ್ ಬೇರಿಂಗ್. ಉಪ್ಪು, ಮದ್ಯ, ಆಯುಧ ಇಂಥ ಕೆಲವನ್ನು ಬಿಟ್ಟು ಎಲ್ಲ ಆಮದು ಸುಂಕವನ್ನೂ ತೆಗೆದುಹಾಕಿದರು. ಆ ವರ್ಷ ಉಪ್ಪಿನ ಸುಂಕವನ್ನೂ 2 ರೂಪಾಯಿಗೆ ಇಳಿಸಿದರು ಅನ್ನೋದನ್ನು ಹೇಳಲೇಬೇಕು. ಆದರೆ ಆ ನೆಮ್ಮದಿ ಜಾಸ್ತಿ ದಿನ ಉಳಿಯಲಿಲ್ಲ. ಮೇಲಣ ಬರ್ಮಾವನ್ನು ವಶಪಡಿಸಿಕೊಂಡ ಯುದ್ಧ, ವಾಯವ್ಯ ಗಡಿಯಲ್ಲಿ ರಷ್ಯಾದ ಭಯ, ಖರ್ಚು ಏರುತ್ತಾ ಹೋಯಿತು. 1886ರಲ್ಲಿ ಆದಾಯ ತೆರಿಗೆ ಕಾಯ್ದೆ ಬಂತು. 1888ರಲ್ಲಿ ಉಪ್ಪು ಮತ್ತೆ ಎರಡೂವರೆ ರೂಪಾಯಿಗೆ ಏರಿತು. ಬಂದರಿನ ಬಾಗಿಲು ಮಾತ್ರ ತೆರೆದೇ ಇತ್ತು.

ಇಷ್ಟೆಲ್ಲ ಆದಮೇಲೆ 1894ರಲ್ಲಿ ಸುಂಕ ಮತ್ತೆ ಯಾಕೆ ಬಂತು? ಬೆಳ್ಳಿಯ ಬೆಲೆಯಿಂದಾಗಿ. ನಮ್ಮ ರೂಪಾಯಿ ಬೆಳ್ಳಿಯದು, ಬ್ರಿಟನ್ನಿನ ಪೌಂಡ್ ಚಿನ್ನದ್ದು. 1870ರ ದಶಕದ ಆರಂಭದಲ್ಲಿ ಒಂದು ರೂಪಾಯಿಗೆ ಹತ್ತಿರ ಹತ್ತಿರ 2 ಶಿಲಿಂಗ್ ಸಿಗುತ್ತಿತ್ತು. ಬೆಳ್ಳಿ ಬೆಲೆ ಕುಸಿದು 1894ರ ಹೊತ್ತಿಗೆ 1 ಶಿಲಿಂಗ್ 1 ಪೆನ್ನಿಯ ಆಸುಪಾಸಿಗೆ ಬಂತು. ಭಾರತ ಸರ್ಕಾರ ಪ್ರತಿ ವರ್ಷ ಲಂಡನ್ನಿನಲ್ಲಿ ಹೋಮ್ ಚಾರ್ಜಸ್ ಕಟ್ಟಬೇಕಿತ್ತು. ಸಾಲದ ಬಡ್ಡಿ, ರೈಲ್ವೆ ಬಡ್ಡಿ, ಅಧಿಕಾರಿಗಳ ಪಿಂಚಣಿ, ಸೇನೆಯ ಖರ್ಚು, ಎಲ್ಲ ಪೌಂಡಿನಲ್ಲಿ. ಅಷ್ಟೇ ಪೌಂಡ್ ಕಟ್ಟೋಕೆ ಈಗ ಹೆಚ್ಚುಕಡಿಮೆ ದುಪ್ಪಟ್ಟು ರೂಪಾಯಿ ಬೇಕಾಯಿತು. 1893ರಲ್ಲಿ ಟಂಕಸಾಲೆಗಳಲ್ಲಿ ಖಾಸಗಿಯವರ ಬೆಳ್ಳಿಯನ್ನು ನಾಣ್ಯ ಮಾಡಿಕೊಡುವುದನ್ನೂ ನಿಲ್ಲಿಸಿದರು. ಆದರೂ ಖಜಾನೆಯ ಕೊರತೆ ತುಂಬಲಿಲ್ಲ. ಭೂಕಂದಾಯ ಏರಿಸೋಣ ಅಂದರೆ ಮುಂಬೈ, ಮದ್ರಾಸ್ ಕಡೆ 30 ವರ್ಷಕ್ಕೊಮ್ಮೆ ಮಾತ್ರ ದರ ಬದಲಾವಣೆ. ಉಪ್ಪು ಆಗಲೇ ವಿಪರೀತ ಏರಿತ್ತು. ಕೊನೆಗೆ ಉಳಿದದ್ದು ಬಂದರು.

1894ರ ಮಾರ್ಚ್‌ನಲ್ಲಿ ಭಾರತೀಯ ಸುಂಕ ಕಾಯ್ದೆ ಬಂತು. ಸಾಮಾನ್ಯ ದರ ಶೇ 5. ಆದರೆ ಹತ್ತಿ ಬಟ್ಟೆ ಮತ್ತು ನೂಲನ್ನು ಪಟ್ಟಿಯಿಂದ ಹೊರಗಿಟ್ಟರು! ಆಮದಿನಲ್ಲಿ ಎಲ್ಲಕ್ಕಿಂತ ದೊಡ್ಡ ಸರಕೇ ಅದು. ಅದನ್ನು ಬಿಟ್ಟು ಮಿಕ್ಕಿದ್ದಕ್ಕೆ ಹಾಕಿದರೆ ಕೊರತೆ ತುಂಬೀತೇ? ದೇಶದಲ್ಲಿ ಎಲ್ಲರೂ ವಿರೋಧಿಸಿದರು. ಇಲ್ಲಿದ್ದ ಯುರೋಪಿಯನ್ ವ್ಯಾಪಾರಿಗಳೂ ವಿರೋಧಿಸಿದರು. ಕೊನೆಗೆ ಡಿಸೆಂಬರ್‌ನಲ್ಲಿ ಹತ್ತಿಗೂ ಶೇ 5 ಹಾಕಿದರು. ಜತೆಗೆ ಲಂಡನ್ನಿನ ಷರತ್ತಿನಂತೆ ಭಾರತದ ಗಿರಣಿಗಳ 20 ನಂಬರಿಗಿಂತ ನಯವಾದ ನೂಲಿಗೂ ಶೇ 5 ಎಕ್ಸೈಸ್ ಬಂತು. ನಂಬರ್ ಜಾಸ್ತಿ ಆದಷ್ಟು ನೂಲು ಸಣ್ಣ, ಬಟ್ಟೆ ನಯ. ಇದು ನಿಮಗೆ ಗೊತ್ತಿರುವ ವಿಷಯವೇ. ನಮ್ಮ ಗಿರಣಿಗಳ ಹೆಚ್ಚಿನ ಮಾಲು ಆಗ 20 ನಂಬರಿನ ಒಳಗೇ ಇತ್ತು. ನಯವಾದದ್ದು ಲ್ಯಾಂಕಶೈರಿನಿಂದ ಬರುತ್ತಿತ್ತು. ಹಾಗಾಗಿ ಈ ಏರ್ಪಾಡಿನಲ್ಲಿ ಬಡವರು ಉಡುವ ಒರಟು ಬಟ್ಟೆಗೆ ಎಕ್ಸೈಸ್ ತಾಗುತ್ತಿರಲಿಲ್ಲ.

ಲ್ಯಾಂಕಶೈರ್ ಅದಕ್ಕೂ ಒಪ್ಪಲಿಲ್ಲ. ನಯವಾದ ಬಟ್ಟೆ ತುಟ್ಟಿಯಾದರೆ ಜನ ಒರಟು ಬಟ್ಟೆಗೆ ಹೋಗುತ್ತಾರೆ, ಹಾಗಾಗಿ ಒರಟು ಬಟ್ಟೆಗೂ ತೆರಿಗೆ ಬೇಕು ಅಂತ ಅವರ ವಾದ. 1895ರಲ್ಲಿ ಬ್ರಿಟನ್ನಿನಲ್ಲಿ ಚುನಾವಣೆ ನಡೆಯಿತು. ಲ್ಯಾಂಕಶೈರಿನ ಸಂಸತ್ ಸದಸ್ಯರ ತೂಕ ದೊಡ್ಡದಿತ್ತು. ಹೊಸ ಭಾರತ ಮಂತ್ರಿ ಜಾರ್ಜ್ ಹ್ಯಾಮಿಲ್ಟನ್ ಆ ಸದಸ್ಯರ ಮಾತಿಗೆ ಮಣಿದರು. 1896ರ ಫೆಬ್ರವರಿಯಲ್ಲಿ ಹೊಸ ಕಾಯ್ದೆಗಳು ಪಾಸಾದವು. ನೂಲಿಗೆ ಎರಡೂ ಕಡೆ ಸುಂಕ ಇಲ್ಲ. ಆಮದು ಬಟ್ಟೆಗೆ ಶೇ 3.5. ಭಾರತದ ಗಿರಣಿ ಬಟ್ಟೆಗೆ, ಒರಟು ನಯ ಅನ್ನದೆ, ಶೇ 3.5.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ನೋಡಿ. 100 ರೂಪಾಯಿಯ ಮ್ಯಾಂಚೆಸ್ಟರ್ ಮಲ್‌ಮಲ್ ಮುಂಬೈ ಬಂದರಿಗೆ ಬಂತು ಅಂದುಕೊಳ್ಳಿ. 1895ರಲ್ಲಿ ಅದಕ್ಕೆ 5 ರೂಪಾಯಿ ಸುಂಕ. 1896ರಲ್ಲಿ 3 ರೂಪಾಯಿ 8 ಆಣೆ. ಒಂದೂವರೆ ರೂಪಾಯಿ ಉಳಿಯಿತು. ಈಗ ಮುಂಬೈ ಗಿರಣಿಯ 100 ರೂಪಾಯಿಯ ಒರಟು ಧೋತರ. 1895ರಲ್ಲಿ ಅದಕ್ಕೆ ಎಕ್ಸೈಸ್ ಸೊನ್ನೆ. 1896ರಲ್ಲಿ 3 ರೂಪಾಯಿ 8 ಆಣೆ. ಮಲ್‌ಮಲ್ ಉಡುವವರಿಗೆ ಇಳಿಯಿತು, ಕೂಲಿಯವನ ಧೋತರಕ್ಕೆ ಏರಿತು. ಮುಕ್ತ ವ್ಯಾಪಾರದ ಸಿದ್ಧಾಂತದ ಬಗ್ಗೆ ನನಗೆ ಗೌರವ ಇದೆ. ಬಳಕೆದಾರನಿಗೆ ಅಗ್ಗದ ಸರಕು ಸಿಗಲಿ ಅನ್ನೋದು ಪ್ರಾಮಾಣಿಕ ವಾದವೇ. ಬೇರಿಂಗ್ ಅಂಥವರು ಅದನ್ನು ನಂಬಿದ್ದರು ಕೂಡ. ಆದರೆ 1896ರ ಕಾಯ್ದೆಯನ್ನು ಆ ವಾದದಿಂದ ಸಮರ್ಥಿಸಲು ಸಾಧ್ಯವೇ ಇಲ್ಲ. ಬಡವರ ಬಟ್ಟೆಯ ಬೆಲೆ ಏರಿಸಿ ಯಾವ ಬಳಕೆದಾರನನ್ನು ಕಾಪಾಡಿದಂತಾಯಿತು? ಒರಟು ಬಟ್ಟೆಯಲ್ಲಿ ಲ್ಯಾಂಕಶೈರಿಗೆ ಪೈಪೋಟಿಯೇ ಹೆಚ್ಚು ಇರಲಿಲ್ಲ.

ವಸೂಲಿ ಹೇಗೆ ನಡೆಯುತ್ತಿತ್ತು ಅಂದರೆ, ಗಿರಣಿಯವರು ಎಷ್ಟು ಬಟ್ಟೆ ನೇಯ್ದೆವು, ಎಷ್ಟು ಹೊರಗೆ ಕಳಿಸಿದೆವು ಅಂತ ಲೆಕ್ಕ ಇಡಬೇಕು. ತಿಂಗಳಿಗೊಮ್ಮೆ ಕಲೆಕ್ಟರಿಗೆ ಪಟ್ಟಿ ಕೊಡಬೇಕು. ಅದರ ಮೇಲೆ ಸುಂಕ ಕಟ್ಟಬೇಕು. ಹೊರದೇಶಕ್ಕೆ ಕಳಿಸಿದ ಬಟ್ಟೆಯ ಸುಂಕ ವಾಪಸ್ ಸಿಗುತ್ತಿತ್ತು. ಅಂಗಡಿಯವರು ಪ್ರತ್ಯೇಕವಾಗಿ ಏನೂ ಕಟ್ಟುವ ಹಾಗಿರಲಿಲ್ಲ, ಗಿರಣಿಯ ದರದಲ್ಲೇ ಅದು ಸೇರಿ ಬರುತ್ತಿತ್ತು. ನಿಮ್ಮ ಮನೆಯ ಹಳೆಯ ಬಿಲ್‌ಗಳಲ್ಲಿ ಆ ಬಾಬತ್ತು ಬೇರೆಯಾಗಿ ಕಾಣದಿದ್ದರೆ ಕಾರಣ ಇದೇ.

ಕೈಮಗ್ಗದ ಬಟ್ಟೆಗೆ ಈ ಎಕ್ಸೈಸ್ ಇರಲಿಲ್ಲ. ನೂಲಿನ ಸುಂಕ ಹೋದದ್ದರಿಂದ ಇಳಕಲ್, ಗುಳೇದಗುಡ್ಡದ ಕಡೆಯ ಹತ್ತಿ ನೇಕಾರರಿಗೆ ಸ್ವಲ್ಪ ಒಳ್ಳೆಯದೇ ಆಯಿತು ಅನ್ನಬಹುದು. ಗೋಕಾಕ ಜಲಪಾತದ ಪಕ್ಕದ ಗಿರಣಿ ಮುಖ್ಯವಾಗಿ ನೂಲಿನ ಗಿರಣಿ. ಅದಕ್ಕೂ 1896ರ ಏರ್ಪಾಡು 1894ರದ್ದಕ್ಕಿಂತ ವಾಸಿ. ಇದನ್ನು ಹೇಳದೆ ಬಿಟ್ಟರೆ ಚಿತ್ರ ಪೂರ್ತಿ ಆಗೋದಿಲ್ಲ. ಪೆಟ್ಟು ಬಿದ್ದದ್ದು ಬಟ್ಟೆ ನೇಯುವ ಗಿರಣಿಗಳಿಗೆ, ಅದಕ್ಕಿಂತ ಹೆಚ್ಚಾಗಿ ಅವುಗಳ ಬಟ್ಟೆ ಉಡುವವರಿಗೆ.

ಈ ಎಕ್ಸೈಸ್‌ನಿಂದ ಬಂದ ದುಡ್ಡು ದೊಡ್ಡದೇನಲ್ಲ. ಆದರೆ ಅದು ಮಾಡಿದ ಗಾಯ ದೊಡ್ಡದು. ಶಾಸನ ಕೌನ್ಸಿಲಿನಲ್ಲಿ ಸರ್ಕಾರಿ ಸದಸ್ಯರದ್ದೇ ಬಹುಮತ ಇದ್ದ ಕಾಲ ಅದು. ಭಾರತೀಯ ಸದಸ್ಯರು ವಾದಿಸಿದ್ದು ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗಾಯಿತು. 1902ರ ಬಜೆಟ್ ಚರ್ಚೆಯಲ್ಲಿ ಗೋಪಾಲಕೃಷ್ಣ ಗೋಖಲೆ ಉಪ್ಪಿನ ಸುಂಕ ಇಳಿಸಿ, ಬಟ್ಟೆಯ ಎಕ್ಸೈಸ್ ತೆಗೆಯಿರಿ ಅಂತ ಅಂಕಿಅಂಶ ಮುಂದಿಟ್ಟು ಕೇಳಿದರು. ಖಜಾನೆಯಲ್ಲಿ ಆಗ ಉಳಿತಾಯವೂ ಇತ್ತು. 1903ರಲ್ಲಿ ಉಪ್ಪು 2 ರೂಪಾಯಿಗೆ ಇಳಿಯಿತು, 1907ರ ಹೊತ್ತಿಗೆ 1 ರೂಪಾಯಿಗೆ ಬಂತು. ಎಕ್ಸೈಸ್ ಮಾತ್ರ ಅಲುಗಲಿಲ್ಲ. ಉಪ್ಪಿನ ಸುಂಕ ಇಳಿಸಿದರೆ ಲ್ಯಾಂಕಶೈರಿಗೆ ನಷ್ಟ ಇಲ್ಲ ಅಲ್ವಾ?

ಗಂಟು ಸಡಿಲವಾದದ್ದು ಮೊದಲ ಮಹಾಯುದ್ಧದಲ್ಲಿ. 1917ರಲ್ಲಿ ಭಾರತ ಬ್ರಿಟನ್ನಿನ ಯುದ್ಧ ಖರ್ಚಿಗೆ 10 ಕೋಟಿ ಪೌಂಡ್ ಕೊಡಲು ಒಪ್ಪಿತು. ಅದರ ಬಡ್ಡಿ ಕಟ್ಟಲು ಆಮದು ಬಟ್ಟೆಯ ಸುಂಕವನ್ನು ಶೇ 7.5ಕ್ಕೆ ಏರಿಸಿದರು. ಎಕ್ಸೈಸ್ ಶೇ 3.5ರಲ್ಲೇ ನಿಂತಿತು. ಮೊದಲ ಸಲ ನಮ್ಮ ಬಟ್ಟೆಗೆ ಶೇ 4ರ ಅಂತರ ಸಿಕ್ಕಿತು. ಲ್ಯಾಂಕಶೈರಿನ ನಿಯೋಗ ಭಾರತ ಮಂತ್ರಿ ಆಸ್ಟಿನ್ ಚೇಂಬರ್ಲಿನ್ ಬಾಗಿಲು ತಟ್ಟಿತು. ಅವರು ಬಗ್ಗಲಿಲ್ಲ. 1919ರ ಆಡಳಿತ ಸುಧಾರಣೆಯ ನಂತರ, ಸುಂಕದ ವಿಷಯದಲ್ಲಿ ಭಾರತ ಸರ್ಕಾರವೂ ಇಲ್ಲಿನ ಶಾಸನಸಭೆಯೂ ಒಂದೇ ಮಾತು ಹೇಳಿದರೆ ಲಂಡನ್ ಆದಷ್ಟು ತಲೆ ಹಾಕಬಾರದು ಅನ್ನುವ ಪದ್ಧತಿ ಬಂತು. 1921ರಲ್ಲಿ ಸಾಮಾನ್ಯ ಸುಂಕ ಶೇ 11ಕ್ಕೆ ಏರಿದಾಗ ಮತ್ತೆ ನಿಯೋಗ ಹೋಯಿತು. ಆಗಿನ ಭಾರತ ಮಂತ್ರಿ ಮಾಂಟೆಗು ಕೂಡ ಕೈ ಹಾಕಲು ಒಪ್ಪಲಿಲ್ಲ. ಮರುವರ್ಷ ಸಾಮಾನ್ಯ ದರ ಶೇ 15 ಆಯಿತು.

ಆದರೂ ಎಕ್ಸೈಸ್ ಇನ್ನೂ ಇತ್ತು. ಅದು ಹೋದದ್ದು ಮುಂಬೈ ಕಾರ್ಮಿಕರಿಂದ. 1925ರಲ್ಲಿ ಮಾಲೀಕರು ಕೂಲಿಯನ್ನು ಶೇ 11.5ರಷ್ಟು ಕಡಿತ ಮಾಡುತ್ತೇವೆ ಅಂದರು. ಎಕ್ಸೈಸ್ ತೆಗೆದರೆ ಕಡಿತ ಕೈಬಿಡುತ್ತೇವೆ ಅಂತಲೂ ಹೇಳಿದರು. ಸುಮಾರು ಒಂದೂವರೆ ಲಕ್ಷ ಕಾರ್ಮಿಕರು ಸೆಪ್ಟೆಂಬರ್‌ನಿಂದ ಕೆಲಸ ನಿಲ್ಲಿಸಿದರು. ಡಿಸೆಂಬರ್ ಮೊದಲ ವಾರ ವೈಸ್‌ರಾಯ್ ರೆಡಿಂಗ್ ಸುಗ್ರೀವಾಜ್ಞೆ ಹೊರಡಿಸಿ ಎಕ್ಸೈಸ್ ತಡೆಹಿಡಿದರು. ಕೂಲಿ ಹಳೆಯ ಮಟ್ಟಕ್ಕೆ ಬಂತು. 1926ರಲ್ಲಿ ಕಾಯ್ದೆಯೇ ರದ್ದಾಯಿತು. ಗೋಖಲೆಯವರ ತರ್ಕದಿಂದ ಆಗದ ಕೆಲಸ ಹಸಿದ ಹೊಟ್ಟೆಯ ಮುಷ್ಕರದಿಂದ ಆಯಿತು.

ಈಗ ನಿಮ್ಮ ಎರಡನೇ ಪ್ರಶ್ನೆ. ಧಾರವಾಡದ ಶಾಲೆಗೆ ದುಡ್ಡು ಎಲ್ಲಿಂದ?

1870ರವರೆಗೆ ಪ್ರಾಂತ್ಯಗಳಿಗೆ ತಮ್ಮದು ಅನ್ನುವ ಆದಾಯವೇ ಇರಲಿಲ್ಲ. ಎಲ್ಲ ಆಗಿನ ರಾಜಧಾನಿ ಕಲ್ಕತ್ತಾಗೆ ಹೋಗಿ, ಅಲ್ಲಿಂದ ಮಂಜೂರಾಗಿ ಬರಬೇಕು. 1870ರ ಡಿಸೆಂಬರ್ 14ರಂದು ವೈಸ್‌ರಾಯ್ ಮೇಯೊ ಒಂದು ನಿರ್ಣಯ ಹೊರಡಿಸಿದರು. ಜೈಲು, ಪೊಲೀಸ್, ಶಿಕ್ಷಣ, ನೋಂದಣಿ, ವೈದ್ಯಕೀಯ, ರಸ್ತೆ, ಸರ್ಕಾರಿ ಕಟ್ಟಡ, ಇವನ್ನು ಪ್ರಾಂತ್ಯಗಳೇ ನೋಡಿಕೊಳ್ಳಲಿ. ಅದಕ್ಕೆ ಇಂತಿಷ್ಟು ಅಂತ ಗೊತ್ತಾದ ಮೊತ್ತ. ಸಾಲದಿದ್ದರೆ ಸ್ಥಳೀಯವಾಗಿ ಎತ್ತಿಕೊಳ್ಳಿ. ಮೊತ್ತ ಸಾಲುವಂಥದ್ದಾಗಿರಲಿಲ್ಲ. 1877ರಲ್ಲಿ ಲಿಟ್ಟನ್ ಅಬಕಾರಿ, ಸ್ಟಾಂಪು ಇಂಥ ಕೆಲವು ಬಾಬತ್ತುಗಳನ್ನು ಪ್ರಾಂತ್ಯಗಳಿಗೆ ಕೊಟ್ಟರು. 1882ರಲ್ಲಿ ರಿಪನ್ ಮೂರು ಪಾಲು ಮಾಡಿದರು. ಕೆಲವು ಪೂರ್ತಿ ಕೇಂದ್ರದ್ದು, ಕೆಲವು ಪೂರ್ತಿ ಪ್ರಾಂತ್ಯದ್ದು, ಕೆಲವು ಹಂಚಿಕೆಯದು. ಐದು ವರ್ಷಕ್ಕೊಮ್ಮೆ ಹಂಚಿಕೆಯ ಲೆಕ್ಕ ಹೊಸದಾಗುತ್ತಿತ್ತು. ಪ್ರಾಂತ್ಯ ಉಳಿತಾಯ ಮಾಡಿದರೆ ಮುಂದಿನ ಸಲ ಕೇಂದ್ರ ಅದನ್ನು ಎತ್ತಿಕೊಳ್ಳುತ್ತಿತ್ತು. ಹಾಗಾಗಿ ಉಳಿಸುವ ಆಸೆ ಯಾರಿಗೂ ಇರಲಿಲ್ಲ. 1904ರಲ್ಲಿ ಇದನ್ನು ಅರೆ ಖಾಯಂ, 1912ರಲ್ಲಿ ಖಾಯಂ ಮಾಡಿದರು. ಈ ಎಲ್ಲ ಏರ್ಪಾಡಿನಲ್ಲೂ ಮುಂಬೈ ಬಂದರಿನ ಸುಂಕ, ಉಪ್ಪು, ಅಫೀಮು ಕೇಂದ್ರದ ಕೈಯಲ್ಲೇ.

ಧಾರವಾಡದ ಒಬ್ಬ ರೈತನನ್ನು ಇಟ್ಟುಕೊಂಡು ನೋಡೋಣ. ವರ್ಷಕ್ಕೆ 16 ರೂಪಾಯಿ ಭೂಕಂದಾಯ ಕಟ್ಟುತ್ತಾನೆ ಅಂದುಕೊಳ್ಳಿ. ಮುಂಬೈ ಪ್ರಾಂತ್ಯದ 1869ರ ಲೋಕಲ್ ಫಂಡ್ ಕಾಯ್ದೆ ಪ್ರಕಾರ ಪ್ರತಿ ರೂಪಾಯಿ ಕಂದಾಯಕ್ಕೆ ಒಂದಾಣೆ ಸೆಸ್. ಅಂದರೆ ಅವನು 17 ರೂಪಾಯಿ ಕಟ್ಟಬೇಕು. ಆ ಹೆಚ್ಚುವರಿ ಒಂದು ರೂಪಾಯಿಯಲ್ಲಿ ಮೂರನೇ ಒಂದು ಪಾಲು, 5 ಆಣೆ 4 ಪೈ (ಆಣೆಗೆ 12 ಪೈ), ಶಾಲೆಗೆ. ಮಿಕ್ಕ 10 ಆಣೆ 8 ಪೈ ರಸ್ತೆ, ಬಾವಿ, ಧರ್ಮಶಾಲೆ ಇಂಥವಕ್ಕೆ. ಹಳ್ಳಿಯ ಕನ್ನಡ ಶಾಲೆ ನಡೆದದ್ದರಲ್ಲಿ ಈ ಐದಾಣೆ ನಾಲ್ಕು ಪೈಗಳ ಪಾಲು ದೊಡ್ಡದು. ಮಳೆ ಕೈಕೊಟ್ಟ ವರ್ಷ ಕಂದಾಯಕ್ಕೆ ರಿಯಾಯಿತಿ ಸಿಕ್ಕರೆ ಶಾಲೆಯ ದುಡ್ಡೂ ಕಮ್ಮಿ. ಮುಂಬೈ ಬಂದರಿನಲ್ಲಿ ಎಷ್ಟು ಹಡಗು ಬಂದರೂ ಆ ಶಾಲೆಗೆ ಅದರಿಂದ ಏನೂ ಇಲ್ಲ. ಮದ್ರಾಸ್ ಕಡೆ ದಕ್ಷಿಣ ಕನ್ನಡ, ಬಳ್ಳಾರಿಗಳಲ್ಲೂ 1871ರಿಂದ ಇಂಥದ್ದೇ ಸೆಸ್ ಬಂತು.

ಇನ್ನೊಂದು ದೊಡ್ಡ ಬಾಬತ್ತು ಅಬಕಾರಿ. ಮುಂಬೈಯಲ್ಲಿ 1878ರ ಅಬಕಾರಿ ಕಾಯ್ದೆ, ಮದ್ರಾಸಿನಲ್ಲಿ 1886ರದ್ದು. ಸೇಂದಿ ಇಳಿಸುವ ಮರಕ್ಕೆ ತೆರಿಗೆ, ಸಾರಾಯಿ ಅಂಗಡಿಗೆ ಹರಾಜು. ಭೂಕಂದಾಯ ಬಿಟ್ಟರೆ ಪ್ರಾಂತ್ಯಕ್ಕೆ ಬೆಳೆಯುವ ಆದಾಯ ಅಂದರೆ ಇದೇ. 1921ರಲ್ಲಿ ದ್ವಿಮುಖ ಆಡಳಿತ ಶುರುವಾದಾಗ ಚುನಾಯಿತ ಸಭೆಗೆ ಜವಾಬ್ದಾರರಾದ ಭಾರತೀಯ ಮಂತ್ರಿಗಳಿಗೆ ಕೊಟ್ಟದ್ದು ಶಿಕ್ಷಣ, ಆರೋಗ್ಯ, ಸ್ಥಳೀಯ ಆಡಳಿತ, ಜತೆಗೆ ಅಬಕಾರಿ. ಮಕ್ಕಳನ್ನು ಓದಿಸಬೇಕು ಅಂದರೆ ಜನ ಕುಡಿಯಬೇಕು ಅನ್ನುವ ಪರಿಸ್ಥಿತಿ. 1937ರಲ್ಲಿ ಗಾಂಧೀಜಿ ಇದನ್ನೇ ಸುಧಾರಣೆಗಳ ಅತ್ಯಂತ ಕ್ರೂರ ವ್ಯಂಗ್ಯ ಅಂತ ಬರೆದರು. ಸೇಂದಿ ಅಂಗಡಿಯ ಮುಂದೆ ನಿಂತು ಗಿರಾಕಿಗಳನ್ನು ತಡೆಯುವ ಪಿಕೆಟಿಂಗ್ ನಡೆದಾಗ ಸರ್ಕಾರ ಅಷ್ಟು ಕಠಿಣವಾದದ್ದೇಕೆ ಅನ್ನೋದಕ್ಕೂ ಇಲ್ಲಿ ಸುಳಿವಿದೆ. 1921ರ ಜುಲೈ 1ರಂದು ಧಾರವಾಡದಲ್ಲೇ ಇಂಥ ಪಿಕೆಟಿಂಗ್ ವೇಳೆ ಗೋಲಿಬಾರ್ ಆಗಿ ಜನ ಸತ್ತರು. ಅಂಗಡಿ ನಡೆಯದಿದ್ದರೆ ಮುಂದಿನ ಹರಾಜಿಗೆ ಬೆಲೆ ಬರುತ್ತಿರಲಿಲ್ಲ.

1919ರ ಕಾಯ್ದೆ ಬಾಬತ್ತುಗಳನ್ನು ಪೂರ್ತಿ ಬೇರ್ಪಡಿಸಿತು. ಭೂಕಂದಾಯ, ಅಬಕಾರಿ, ಸ್ಟಾಂಪು, ನೀರಾವರಿ ಪ್ರಾಂತ್ಯಕ್ಕೆ. ಕಸ್ಟಮ್ಸ್, ಆದಾಯ ತೆರಿಗೆ, ಉಪ್ಪು ಕೇಂದ್ರಕ್ಕೆ. ಇದರಿಂದ ಕೇಂದ್ರಕ್ಕೆ ಕೊರತೆ ಬೀಳುತ್ತದೆ, ಅದನ್ನು ಪ್ರಾಂತ್ಯಗಳೇ ತುಂಬಿಕೊಡಲಿ ಅಂತ ಮೆಸ್ಟನ್ ಸಮಿತಿ ಲೆಕ್ಕ ಹಾಕಿತು. ವರ್ಷಕ್ಕೆ ಒಟ್ಟು 983 ಲಕ್ಷ ರೂಪಾಯಿ. ಅದರಲ್ಲಿ ಮದ್ರಾಸಿನ ಪಾಲು 348 ಲಕ್ಷ! ಸಂಯುಕ್ತ ಪ್ರಾಂತ್ಯ 240, ಪಂಜಾಬ್ 175. ಮುಂಬೈ 56, ಬಂಗಾಳ 63. ಭೂಕಂದಾಯ ಮತ್ತು ಅಬಕಾರಿ ಹೆಚ್ಚಿದ್ದ ಮದ್ರಾಸಿಗೆ ಹೊಸ ಹಂಚಿಕೆಯಲ್ಲಿ ಲಾಭ ಜಾಸ್ತಿ, ಹಾಗಾಗಿ ಜಾಸ್ತಿ ಕೊಡಲಿ ಅನ್ನೋದು ತರ್ಕ. ಬಂಗಾಳ, ಮುಂಬೈಗಳು ಬೇರೆ ರೀತಿ ಕಳೆದುಕೊಂಡವು. ಅವುಗಳ ಬಂದರು, ಅವುಗಳ ಕಂಪನಿಗಳು, ಆದರೆ ಕಸ್ಟಮ್ಸೂ ಆದಾಯ ತೆರಿಗೆಯೂ ದೆಹಲಿಗೆ. ಎರಡು ಕಡೆಯೂ ದೂರು. ಅದೂ ಎಂಥ ಹೊತ್ತಿನಲ್ಲಿ? ಯುದ್ಧಕ್ಕೆ ಮುಂಚೆ ಕಸ್ಟಮ್ಸ್ ಆದಾಯ ಸುಮಾರು 11 ಕೋಟಿ ರೂಪಾಯಿ ಇದ್ದದ್ದು 1920ರ ದಶಕದಲ್ಲಿ 40 ಕೋಟಿ ದಾಟಿತು. ಬೆಳೆಯುವ ತೆರಿಗೆ ಕೇಂದ್ರಕ್ಕೆ, ಬೆಳೆಯದ ಭೂಕಂದಾಯ ಪ್ರಾಂತ್ಯಕ್ಕೆ, ಶಾಲೆ ಆಸ್ಪತ್ರೆಯ ಖರ್ಚೂ ಪ್ರಾಂತ್ಯಕ್ಕೆ. ಪ್ರಾಂತ್ಯಗಳು ಕೇಂದ್ರಕ್ಕೆ ಕೊಡುತ್ತಿದ್ದ ಆ ಕಾಣಿಕೆ ಪೂರ್ತಿ ನಿಂತದ್ದು 1928ರಲ್ಲಿ.

ಮೈಸೂರು ಸಂಸ್ಥಾನದ ಪಾಡು ಇನ್ನೊಂದು ಬಗೆ. ಅದಕ್ಕೆ ಸಮುದ್ರವೇ ಇರಲಿಲ್ಲ. ಬೆಂಗಳೂರಿನಲ್ಲಿ ಮಾರಾಟವಾದ ವಿದೇಶಿ ಸರಕಿಗೆ ಮದ್ರಾಸ್ ಅಥವಾ ಮುಂಬೈ ಬಂದರಿನಲ್ಲೇ ಸುಂಕ ಕಟ್ಟಿ ಆಗಿರುತ್ತಿತ್ತು. ಕೊಟ್ಟವರು ಮೈಸೂರಿನ ಜನ, ಪಡೆದದ್ದು ಭಾರತ ಸರ್ಕಾರ. ಅದರ ಮೇಲೆ ವರ್ಷಕ್ಕೆ 35 ಲಕ್ಷ ರೂಪಾಯಿ ಪೊಗದಿ, ಅಂದರೆ ಬ್ರಿಟಿಷರಿಗೆ ಕಟ್ಟುವ ಕಪ್ಪ, ಬೇರೆ. 1799ರ ಒಪ್ಪಂದದಂತೆ 24.5 ಲಕ್ಷ ಇದ್ದದ್ದು 1896ರಿಂದ 35 ಲಕ್ಷ ಆಗಿತ್ತು. ಮತ್ತೆ 24.5ಕ್ಕೆ ಇಳಿದದ್ದು 1920ರ ದಶಕದ ಕೊನೆಯಲ್ಲಿ. ಇದರ ಬಗ್ಗೆಯೇ ಬೇರೆ ಬರೆಯಬೇಕು, ಅಷ್ಟು ದೊಡ್ಡ ವಿಷಯ.

1935ರ ಕಾಯ್ದೆ ಬಂದಮೇಲೆ ಆದಾಯ ತೆರಿಗೆಯಲ್ಲಿ ಪ್ರಾಂತ್ಯಗಳಿಗೆ ಪಾಲು ಕೊಡುವ ದಾರಿಯಾಯಿತು. ಸೆಣಬಿನ ರಫ್ತು ಸುಂಕದಲ್ಲಿ ಬಂಗಾಳದಂಥ ಸೆಣಬು ಬೆಳೆಯುವ ಪ್ರಾಂತ್ಯಗಳಿಗೆ ಶೇ 62.5 ಸಿಕ್ಕಿತು. ಆದರೆ ಆಮದು ಸುಂಕ ಕೇಂದ್ರದ್ದೇ ಆಗಿ ಉಳಿಯಿತು, ಇವತ್ತಿಗೂ ಅದನ್ನು ಹಾಕುವುದು ಕೇಂದ್ರವೇ. ಅದೇ ಕಾಯ್ದೆಯ ಪ್ರಾಂತ್ಯ ಪಟ್ಟಿಯಲ್ಲಿ ಇನ್ನೊಂದು ಸಾಲು ಇತ್ತು, ಸರಕು ಮಾರಾಟದ ಮೇಲಿನ ತೆರಿಗೆ. ಅದನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಬಳಸಿದವರು ಮದ್ರಾಸಿನ ಪ್ರಧಾನಿಯಾಗಿದ್ದ (ಪ್ರಾಂತ್ಯದ ಮುಖ್ಯಮಂತ್ರಿಯನ್ನು ಆಗ ಹಾಗೆ ಕರೆಯುತ್ತಿದ್ದರು) ರಾಜಾಜಿ. 1937ರಲ್ಲಿ ಸೇಲಂ ಜಿಲ್ಲೆಯಿಂದ ಪಾನನಿಷೇಧ ಶುರು ಮಾಡಿದ್ದರು. ಅಬಕಾರಿ ಆದಾಯ ಹೋದಷ್ಟೂ ಬೇರೆ ದುಡ್ಡು ಬೇಕಿತ್ತು. 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ಕಾಯ್ದೆ ತಂದರು. ದೊಡ್ಡ ವ್ಯಾಪಾರಿಗಳ ವಹಿವಾಟಿನ ಮೇಲೆ ಅರ್ಧ ಪರ್ಸೆಂಟ್. ಮಂಗಳೂರು, ಬಳ್ಳಾರಿಯ ಅಂಗಡಿಗಳಿಗೂ ಅದು ಬಂತು. ನಿಮ್ಮ ಹುಬ್ಬಳ್ಳಿ ಮುಂಬೈ ಪ್ರಾಂತ್ಯದಲ್ಲಿ ಇದ್ದದ್ದರಿಂದ ಅಲ್ಲಿಗೆ ಸಾಮಾನ್ಯ ಮಾರಾಟ ತೆರಿಗೆ ಬಂದದ್ದು 1946ರಲ್ಲಿ, ಮೈಸೂರಿಗೆ 1948ರಲ್ಲಿ. ನಿಮ್ಮ ಮನೆಯಲ್ಲಿ ಆ ಕಾಲದ ಲೆಕ್ಕದ ಪುಸ್ತಕ ಉಳಿದಿದ್ದರೆ 1946ರಿಂದಾಚೆಯ ಪುಟಗಳನ್ನು ತೆಗೆದು ನೋಡಿ. ಎಕ್ಸೈಸ್‌ನಂತೆ ಗಿರಣಿಯ ದರದೊಳಗೆ ಅಡಗದೆ, ಅಂಗಡಿಯವರೇ ಪ್ರಾಂತ್ಯಕ್ಕೆ ಕಟ್ಟಿದ ತೆರಿಗೆ ಅಲ್ಲಿ ಬೇರೆ ಬಾಬತ್ತಾಗಿ ಕಾಣಬೇಕು.